ದಸರೆಗೆ ಚೆಂಡು, ವರ್ಷಕ್ಕೆ ಕನಕಾಂಬರ

ಚಳ್ಳಕೆರೆಯಿಂದ ನಾಯಕನಹಟ್ಟಿಗೆ ಹೋಗುವ ದಾರಿ. ಇನ್ನೂ ಬೆಳಕು ಹರಿದಿರಲಿಲ್ಲ. ಕತ್ತಲಲ್ಲಿ ಮುಳುಗಿದ ಶೇಂಗಾ ಹೊಲಗಳ ನಡುವೆ ಒಂದು ಕಡೆ ಮಾತ್ರ ನಾಲ್ಕೈದು ದೀಪ ನೆಲಕ್ಕೆ ಹತ್ತಿರದಲ್ಲೇ ಓಡಾಡುತ್ತಿದ್ದವು. ಹತ್ತಿರ ಹೋದೆ. ಹಣೆಗೆ ಬ್ಯಾಟರಿ ಕಟ್ಟಿಕೊಂಡು, ಸೆರಗನ್ನು ಉಡಿ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸರು ಕನಕಾಂಬರ ಬಿಡಿಸುತ್ತಿದ್ದರು. ಮಹಾನವಮಿಗೆ ಇನ್ನು ನಾಲ್ಕೇ ದಿನ.

"ಬಿಸ್ಲು ಬಂದ್ರೆ ಹೂವು ಸೋತೋಗುತ್ತೆ ಕಣಪ್ಪ. ಅಷ್ಟರೊಳಗೆ ಪುಟ್ಟಿ ಬಸ್ ಹತ್ತಬೇಕು," ಎಂದರು ಹೊಲದ ಅಜ್ಜಿ. ತಲೆ ಎತ್ತಲಿಲ್ಲ. ಎರಡು ಬೆರಳು ತೆನೆಯ ಮೇಲೆ ಆಡುತ್ತಲೇ ಇದ್ದವು. ಕನಕಾಂಬರ ಒಂದೇ ಸಲ ಅರಳುವ ಹೂವಲ್ಲ. ತೆನೆಯ ಬುಡದಿಂದ ಮೇಲಕ್ಕೆ ಸ್ವಲ್ಪಸ್ವಲ್ಪವೇ ಬಿಚ್ಚಿಕೊಳ್ಳುತ್ತದೆ. ದಿನ ಬಿಟ್ಟು ದಿನ ಬಿಡಿಸಬೇಕು. ಒಂದು ಕಿಲೋ ತೂಗಬೇಕಾದರೆ 10–15 ಸಾವಿರ ಹೂವು ಬೇಕು. ಅಂದರೆ ಅಷ್ಟು ಸಲ ಈ ಬೆರಳು ಚಿವುಟಬೇಕು. ಪೇಟೆಯಲ್ಲಿ ಒಂದು ಮೊಳ ಕನಕಾಂಬರಕ್ಕೆ ಚೌಕಾಶಿ ಮಾಡುವ ಮೊದಲು ಒಮ್ಮೆ ಈ ಬೆನ್ನುಗಳನ್ನು ನೋಡಬೇಕು ಅನ್ನಿಸಿತು.

ಮೂಡಲು ಬೆಳ್ಳಗಾದಂತೆ ಹೊಲದ ಬಣ್ಣಗಳು ಒಂದೊಂದೇ ಎದ್ದು ಬಂದವು. ಬದುವಿನ ಗುಂಟ ಕೆಂಪು ಕಣಗಿಲೆ. ಅದರ ಒಳಗೆ ಸೊಂಟದೆತ್ತರದ ಕಾಕಡ, ಮೈತುಂಬ ಬಿಳಿ ಮೊಗ್ಗು. ನಡುವೆ ಕನಕಾಂಬರದ ಸಾಲುಗಳು, ಆ ಸಾಲುಗಳ ಮಧ್ಯೆ ಮಧ್ಯೆ ಚೆಂಡುಹೂವು: ಒಂದು ಸಾಲು ಹಳದಿ, ಒಂದು ಸಾಲು ಕೇಸರಿ. ಪಡುವಣ ಮೂಲೆಯಲ್ಲಿ ಸೇವಂತಿಗೆ, ಇನ್ನೂ ಹಸಿರು ಗುಂಡಿಯಂಥ ಮೊಗ್ಗು. ಎಲ್ಲ ಸೇರಿ ಮುಕ್ಕಾಲು ಎಕರೆ. ಆಚೆ, ನೀರು ಕಾಣದ ಕಲ್ಲುನೆಲದಲ್ಲಿ ಯಾರೂ ನೆಡದ ತಂಗಡಿ ತನ್ನಷ್ಟಕ್ಕೆ ಹಳದಿಯಾಗಿ ನಿಂತಿತ್ತು.

ಇದು ವರ್ಷಕ್ಕೆ 500 ಮಿಲಿಮೀಟರಿನ ಆಚೀಚೆ ಮಳೆ ಕಾಣುವ ನೆಲ. ಶೇಂಗಾ ಬೆಳೆದು, ಎಣ್ಣೆ ಗಿರಣಿಗಳಿಂದ ಹೆಸರು ಮಾಡಿದ ಊರು ಚಳ್ಳಕೆರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇವತ್ತಿಗೂ ನೆನೆಯುವುದು ಕೆರೆ ಕಟ್ಟಿಸಿದ ಪುಣ್ಯಾತ್ಮ ಎಂದೇ. ಇಂಥ ಕಡೆ ಬೋರಿನ ಎರಡಿಂಚು ನೀರನ್ನು ಡ್ರಿಪ್ ಪೈಪಿನಲ್ಲಿ ತೊಟ್ಟು ತೊಟ್ಟಾಗಿ ಹಂಚಿ ಹೂವು ಬೆಳೆಯುವವರಿಗೆ ಒಂದೇ ಬೆಳೆಯನ್ನು ನಂಬಿ ಕೂರುವ ಧೈರ್ಯ ಬರುವುದಿಲ್ಲ, ಬರಲೂಬಾರದು.

"ಇವು ನಿಲ್ಲೋವು, ಅವು ಹೋಗೋವು," ಎಂದು ಅಜ್ಜಿ ಕೈ ತೋರಿಸಿದರು. ನಿಲ್ಲುವವು ಕಾಕಡ, ಕನಕಾಂಬರ. ಕನಕಾಂಬರ ಒಮ್ಮೆ ಕಚ್ಚಿಕೊಂಡರೆ ಎರಡು ಮೂರು ವರ್ಷ ಕೈಬಿಡದು. ಸಂತೆ ಖರ್ಚು, ಮೊಮ್ಮಕ್ಕಳ ಪುಸ್ತಕ ಅದರಲ್ಲೇ. ಹೋಗುವವು ಚೆಂಡು, ಸೇವಂತಿಗೆ. ಚೆಂಡು ನಾಟಿ ಮಾಡಿ ಎರಡು ತಿಂಗಳಿಗೆ ಹೂವು. ಆಯುಧಪೂಜೆಯ ಗಾಡಿ, ಅಂಗಡಿ, ನೇಗಿಲು ಎಲ್ಲಕ್ಕೂ ಅದೇ ಬೇಕು. ಸೇವಂತಿಗೆ ನಿಜಕ್ಕೆ ನಿಲ್ಲಬಲ್ಲ ಗಿಡವೇ, ಬುಡದಲ್ಲಿ ಮರಿ ಒಡೆಯುತ್ತದೆ. ಆದರೂ ರೈತರು ಅದನ್ನು ವರ್ಷವರ್ಷ ಹೊಸದಾಗಿ ಇಡುತ್ತಾರೆ. ಹಗಲು ಕಿರಿದಾಗಿ ಇರುಳು ಉದ್ದವಾಗದೆ ಅದಕ್ಕೆ ಮೊಗ್ಗು ಕೂರುವುದಿಲ್ಲ. ಹಾಗಾಗಿ ಈ ಮೂಲೆಯದು ದೀಪಾವಳಿಗೆ.

ಆದರೆ ಚೆಂಡನ್ನು ಕನಕಾಂಬರದ ಪಕ್ಕಕ್ಕೇ ಇಟ್ಟದ್ದು ಹಬ್ಬದ ಲೆಕ್ಕಕ್ಕಷ್ಟೇ ಅಲ್ಲ. ಅಜ್ಜಿ ಸೊರಗಿದ ಒಂದು ಕನಕಾಂಬರದ ಗಿಡ ಕಿತ್ತು, ಮಣ್ಣು ಕೊಡವಿ ನನ್ನ ಅಂಗೈಗೆ ಇಟ್ಟರು. ಬೇರಿನ ತುಂಬ ಸಾಬೂದಾನಿಯಂಥ ಗಂಟು. ಕಣ್ಣಿಗೆ ಕಾಣದ ಜಂತುಹುಳು ಬೇರಿನೊಳಗೆ ಮನೆ ಮಾಡಿದ ಗುರುತು ಅದು. ಆಮೇಲೆ ಒಂದು ಚೆಂಡಿನ ಗಿಡ ಕಿತ್ತು ಪಕ್ಕಕ್ಕೆ ಹಿಡಿದರು. ಬೇರು ಕೂದಲಿನಂತೆ ನುಣುಪು, ಮೂಗಿಗೆ ಘಾಟು. ಚೆಂಡಿನ ಬೇರಿನಲ್ಲಿರುವ ರಸ ಈ ಹುಳುವಿಗೆ ಆಗದು. ಮೊದಲು ಒಂದು ಬೆಳೆ ಚೆಂಡು ತೆಗೆದು, ಆ ಜಾಗದಲ್ಲಿ ಕನಕಾಂಬರ ಇಟ್ಟರೆ ಇನ್ನೂ ಮೇಲು. ಎರಡು ತಿಂಗಳಿಗೆ ಬಂದು ಹೋಗುವ ಗಿಡ, ಮೂರು ವರ್ಷ ನಿಲ್ಲುವ ಗಿಡದ ಬುಡ ಕಾಯುತ್ತದೆ. ಹೂದೋಟವೆಂದರೆ ಬಣ್ಣದ ಹೊಂದಾಣಿಕೆ ಎಂದುಕೊಂಡಿದ್ದ ನನಗೆ ನಿಜವಾದ ಹೊಂದಾಣಿಕೆ ಮಣ್ಣಿನ ಕೆಳಗೆ ಕಂಡಿತು.

ಮರುದಿನ ಮೊಳಕಾಲ್ಮುರಿನ ಕಡೆ ಹೋದೆ. ಅಶೋಕನ ಶಾಸನವಿರುವ ಬ್ರಹ್ಮಗಿರಿಯ ಸೀಮೆ. ಬಂಡೆಗಳ ಸಂದಿಯ ಕೆಂಪು ಮಣ್ಣಿನಲ್ಲಿ ಅಲ್ಲೊಂದು ಇಲ್ಲೊಂದು ಹೂವಿನ ತುಂಡು. ಒಂದು ತೋಟದಲ್ಲಿ ದುಂಡುಮಲ್ಲಿಗೆ ಸುಮ್ಮನೆ ಹಸಿರಾಗಿತ್ತು. ಅದರ ಸುಗ್ಗಿ ಬೇಸಿಗೆಗೆ. ಚಳಿಗಾಲದಲ್ಲಿ ರೆಂಬೆ ಸವರಿ ಗೊಬ್ಬರ ಕೊಟ್ಟರೆ ಮುಂದೆ ಮೊಗ್ಗು. ಮಲ್ಲಿಗೆ ಸುಮ್ಮನಿರುವ ಆ ತಿಂಗಳುಗಳಿಗೆಂದೇ ಸಾಲಿನ ನಡುವೆ ನೇರಳೆ, ಬಿಳಿ ಆಸ್ಟರ್. ಅಲ್ಲಿಂದ ಊರೊಳಗೆ ಬಂದಾಗ ಮಗ್ಗದ ಮೇಲೊಂದು ರೇಷ್ಮೆ ಸೀರೆ: ನೇರಳೆ ಒಡಲು, ಕನಕಾಂಬರ ಬಣ್ಣದ ಅಂಚು. ಹೊಲದ ಸಾಲೊಂದನ್ನು ಸುರುಳಿ ಸುತ್ತಿ ತಂದಂತಿತ್ತು.

ಹಬ್ಬದ ಹಿಂದಿನ ದಿನ ಚಳ್ಳಕೆರೆಯ ಪೇಟೆಯಲ್ಲಿ ಹೂವು ಮಾರಿನ ಲೆಕ್ಕದಲ್ಲಿ ಹೋಗುತ್ತಿತ್ತು. ಹೂವಾಡಗಿತ್ತಿ ಎರಡೂ ತೋಳು ಚಾಚಿ ಒಂದು ಮಾರು ಅಳೆದು, ಮೇಲೆ ಒಂದು ಗೇಣು ಬಿಟ್ಟು ಕತ್ತರಿಸುತ್ತಿದ್ದಳು. ಆ ಗೇಣು ಹಬ್ಬದ ಕೊಡುಗೆ.

ಹಬ್ಬ ಮುಗಿದ ಮೇಲೆ ಮತ್ತೆ ಅಜ್ಜಿಯ ಹೊಲಕ್ಕೆ ಹೋದೆ. ಬಾಡಿದ ಚೆಂಡಿನ ಗಿಡಗಳನ್ನು ಕಿತ್ತು ಸಾಲಿನಲ್ಲೇ ಮಣ್ಣಿಗೆ ಮುಚ್ಚಿದ್ದರು. ಪೇಟೆಗೆ ಹೋಗುವ ಡೆಲ್ಲಿ ತಳಿಯ ಕನಕಾಂಬರ ಬೀಜ ಕಟ್ಟುವುದಿಲ್ಲ, ಅದನ್ನು ಕಡ್ಡಿಯಿಂದಲೇ ಬೆಳೆಸಬೇಕು. ಆದರೆ ಬದುವಿನ ಪಕ್ಕ ನಾಟಿ ಕನಕಾಂಬರದ ಒಂದು ಸಾಲನ್ನು ಅಜ್ಜಿ ಉಳಿಸಿಕೊಂಡಿದ್ದಾರೆ. ಅದರ ಒಣಗಿದ ತೆನೆಗಳನ್ನು ಸಸಿಮಡಿಯ ಮೇಲೆ ಹರವಿ, ಬೊಗಸೆಯಲ್ಲಿ ನೀರು ಚಿಮುಕಿಸಿದರು.

"ಕಿವಿ ಕೊಡಪ್ಪ," ಎಂದರು.

ನೀರು ತಾಕಿದ ಕಾಯಿಗಳು ಒಂದಾದ ಮೇಲೊಂದು ಚಟ್ ಚಟ್ ಎಂದು ಸಿಡಿದು, ಬೀಜ ಮಡಿಯ ತುಂಬ ಚೆಲ್ಲಿಕೊಂಡವು.