ಅಂಗಳದ ಬೇಲಿಗೆ ಕವಳಿ

ಹನುಮಸಾಗರದ ಸುತ್ತಲಿನ ಗುಡ್ಡಗಳಲ್ಲಿ ಆಡಿ ಬೆಳೆದವರಿಗೆ ಕವಳಿಹಣ್ಣಿನ ಪರಿಚಯ ಹೇಳಬೇಕಾಗಿಲ್ಲ. ಆದರೆ ಅದನ್ನು ಮನೆಯಂಗಳಕ್ಕೆ ತರಬೇಕೆಂಬ ವಿಚಾರ ನಮ್ಮಲ್ಲಿ ಬಹು ಜನರಿಗೆ ಹೊಳೆಯುವುದಿಲ್ಲ.

ನಾವೂ ಮೊದಲು ಅಂದಕ್ಕೆ ಮರುಳಾಗಿ ಡುರಾಂಟ ಗಿಡಗಳನ್ನೇ ನೆಟ್ಟೆವು. ನೀಲಿ ಹೂ, ಹೊನ್ನಿನ ಬಣ್ಣದ ಕಾಯಿಗೊಂಚಲು. ನೋಡಲು ಚೆಲುವೇ ಸರಿ. ಒಂದು ದಿನ ಮನೆಯ ಮಗು ಆ ಕಾಯಿಗಳನ್ನು ಬಾಯಿಗಿಡಲು ಹೊರಟಾಗ ಕಸಿದು ಬಿಸಾಡಿದೆವು. ಅವು ಮಕ್ಕಳಿಗೂ ದನಕರುಗಳಿಗೂ ವಿಷವೆಂದು ಆಮೇಲೆ ತಿಳಿಯಿತು. ಅಂದೇ ಗಿಡಗಳನ್ನು ಕಿತ್ತು, ಆ ಸಾಲಿನಲ್ಲಿ ಕವಳಿಯನ್ನು ನೆಟ್ಟೆವು.

ಕವಳಿಯು ಬರಗಾಲಕ್ಕೆ ಬಗ್ಗದ ಗಿಡ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ನಮ್ಮ ಸೀಮೆಯ ಕಲ್ಲುನೆಲದಲ್ಲಿಯೂ ಅದು ಬದುಕುತ್ತದೆ. ನೀರು ನಿಲ್ಲುವ ಜಾಗ ಮಾತ್ರ ಅದಕ್ಕೆ ಸೇರದು. ವರ್ಷವಿಡೀ ಹಸುರಾದ ಎಲೆ, ಮಲ್ಲಿಗೆಯಂತೆ ಕಂಪು ಸೂಸುವ ಬಿಳಿ ಹೂ, ಕೆಂಪೇರಿ ಕಪ್ಪಾಗುವ ಹಣ್ಣು, ಆಡುಗಳನ್ನು ತಡೆಯುವ ಗಟ್ಟಿ ಮುಳ್ಳು ಇದರ ಗುಣಗಳು. ಗುಡ್ಡದ ಕವಳಿಯ ಹಣ್ಣು ಚಿಕ್ಕದು. ತೋಟಗಳಲ್ಲಿ ಬೆಳೆಸುವ ಜಾತಿಯದು ದೊಡ್ಡದು.

ಸಸಿ ಮಾಡುವವರು ಬೀಜವನ್ನು ಕೂಡಿಡಬಾರದು. ಅದು ಬೇಗನೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮಾಗಿದ ಹಣ್ಣಿನಿಂದ ತೆಗೆದ ಬೀಜವನ್ನು ತೊಳೆದು ಕೂಡಲೇ ಬಿತ್ತಬೇಕು. ಮರುವರ್ಷದ ಮುಂಗಾರಿಗೆ, ಒಂದೂವರೆ ಅಡಿಯ ಗುಂಡಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, ಬೇಲಿಗಾದರೆ ಮೂರರಿಂದ ನಾಲ್ಕು ಅಡಿಗೊಂದರಂತೆ ನೆಡಬೇಕು. ಮೊದಲ ಎರಡು ಬೇಸಗೆ ನೀರುಣಿಸಿದರೆ ಸಾಕು. ಸಾಮಾನ್ಯವಾಗಿ ಮೂರನೆಯ ವರ್ಷದಿಂದ ಫಲ ಕಾಣುತ್ತದೆ. ಹೂವು ಕೊಂಬೆಯ ತುದಿಯಲ್ಲಿ ಬರುವುದರಿಂದ ಸದಾ ಕತ್ತರಿ ಆಡಿಸಿದರೆ ಕಾಯಿ ಸಿಗದು; ಹಣ್ಣು ಮುಗಿದ ಮೇಲೆಯೇ ಸವರುವುದು ಉಚಿತ.

ಎಳೆಗಾಯಿ ಉಪ್ಪಿನಕಾಯಿಗೆ, ಮಾಗಿದ ಹಣ್ಣು ತಿನ್ನಲು, ಮುರಬ್ಬಕ್ಕೆ ಒಳ್ಳೆಯದು. ಕಾಯಿ ಕಿತ್ತಾಗ ಒಸರುವ ಹಾಲು ಕೈಗೆ ಅಂಟುತ್ತದೆ. ಚೆನ್ನಾಗಿ ತೊಳೆದು ಬಳಸಬೇಕು. ಇದೇ ಕುಟುಂಬಕ್ಕೆ ಸೇರಿದ ಕಣಗಿಲೆಯೂ ಹಾಲು ಒಸರುವ ಗಿಡವೇ, ಆದರೆ ಅದು ಘೋರ ವಿಷ. ಮಕ್ಕಳಿಗೆ ಎರಡರ ಭೇದವನ್ನು ಗಿಡದ ಮುಂದೆಯೇ ನಿಲ್ಲಿಸಿ ತೋರಿಸಬೇಕು. ಮುಳ್ಳಿರುವುದರಿಂದ ನಡೆದಾಡುವ ದಾರಿಗೆ ತಾಗಿ ನೆಡುವುದು ಬೇಡ.

ಈಗ ನಮ್ಮ ಬೇಲಿಯಲ್ಲಿ ಹಣ್ಣು ಮಾಗಿದಾಗ ಓಣಿಯ ಮಕ್ಕಳು ಬಂದು ನಿಲ್ಲುತ್ತಾರೆ. ಗಿಳಿ, ಪಿಕಳಾರಗಳು ತಮ್ಮ ಪಾಲನ್ನು ಕೇಳದೆಯೇ ಒಯ್ಯುತ್ತವೆ. ಯಾರ ಕೈಯನ್ನೂ ನಾವು ಗಾಬರಿಯಿಂದ ಹಿಡಿಯಬೇಕಾಗಿಲ್ಲ. ಬರುವ ಮುಂಗಾರಿಗೆ ಓದುಗ ಬಂಧುಗಳೂ ತಮ್ಮ ಅಂಗಳದಲ್ಲಿ ನಾಲ್ಕು ಸಸಿ ನೆಡಲೆಂದು ನಮ್ಮ ಬಿನ್ನಹ.