ಮಾರ್ಕೆಟ್ ಪಕ್ಕದ ಕೋಟೆ

ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ವಿಜಯನಗರದಿಂದ ಬಸ್ ಹತ್ತುತ್ತೇವೆ. ಹೂವಿಗೆ ಕೆ.ಆರ್. ಮಾರ್ಕೆಟ್ಟೇ ಆಗಬೇಕು. ಪಕ್ಕದಲ್ಲೇ ಕಲ್ಲಿನ ಕೋಟೆ ಇದೆ. ಒಳಗೆ ಹೋಗಿದ್ದೇವಾ, ಅಕ್ಕಾ?

ಮೊದಲು ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿದರು. 1761ರಲ್ಲಿ ಹೈದರಾಲಿ ಕಲ್ಲಿನಿಂದ ಕಟ್ಟಿಸಿದ. ಅವನ ಮಗ ಟಿಪ್ಪುವಿನ ಕಾಲದಲ್ಲಿ ಇಂಗ್ಲಿಷರು ದಂಡೆತ್ತಿ ಬಂದರು. ಫಿರಂಗಿ ಹೊಡೆದು ಗೋಡೆ ಒಡೆದರು. 1791ರ ಮಾರ್ಚ್ 21ರ ರಾತ್ರಿ ಒಳಗೆ ನುಗ್ಗಿದರು. ಕೋಟೆ ಕಾಯುತ್ತಿದ್ದ ಬಹಾದೂರ್ ಖಾನ್ ಹೋರಾಡುತ್ತಲೇ ಸತ್ತ. ಮರುವರ್ಷ ಟಿಪ್ಪು ತನ್ನ ಇಬ್ಬರು ಚಿಕ್ಕ ಮಕ್ಕಳನ್ನು ಇಂಗ್ಲಿಷರಿಗೆ ಒತ್ತೆ ಕೊಡಬೇಕಾಯಿತು. ಹೆತ್ತವರ ಸಂಕಟ ಎಷ್ಟಿರಬೇಕು!

ಇಂಗ್ಲಿಷರು ನುಗ್ಗಿದ ಜಾಗದಲ್ಲಿ ಗೋಡೆಗೆ ಒಂದು ಫಲಕ ಇದೆ. ಬರಹ ಇಂಗ್ಲಿಷಿನದು. ಬಹಾದೂರ್ ಖಾನನ ಹೆಸರು ಅದರಲ್ಲಿಲ್ಲ. ಆದರೆ ಅಂಕಿ ಓದಲು ನಮಗೆ ಬರುತ್ತದಲ್ಲ! ಹೂವಿನ ಚೀಲ ಕೆಳಗಿಟ್ಟು ಓದೋಣ. ಒಂದು, ಏಳು, ಒಂಬತ್ತು, ಒಂದು.