ಕುಲಪತಿಗಳ ಫೋಟೊ ಇದೆ, ಟೈಮ್ ಟೇಬಲ್ ಎಲ್ಲಿ?

ಡಿಗ್ರಿ ಓದೋ ಮಕ್ಕಳು ಮನೆಯಲ್ಲಿದ್ದರೆ ಒಂದು ಪ್ರಶ್ನೆ ಕೇಳಿ ನೋಡಿ. ನಿಮ್ಮ ಯೂನಿವರ್ಸಿಟಿ ವೆಬ್‌ಸೈಟ್ ಕೊನೇ ಸಲ ನೋಡಿದ್ದು ಯಾವಾಗ? 'ರಿಸಲ್ಟ್ ದಿನ' ಅಂತಾರೆ. ಆ ದಿನ ಸರ್ವರ್ ಮಲಗಿರುತ್ತೆ, ಅದು ಬೇರೆ ಮಾತು. ಉಳಿದ ದಿನ? 'ವಾಟ್ಸಾಪ್ ಗ್ರೂಪ್ ಇದೆಯಲ್ಲ!'

ಹುಡುಗರು ಸೋಮಾರಿಗಳು ಅಂತ ಷರಾ ಬರೆದು ಕೈತೊಳೆದುಕೊಳ್ಳೋದು ಸುಲಭ. ಆದರೆ ಇದೇ ಹುಡುಗರು ಬೆಳಗ್ಗೆ ತತ್ಕಾಲ್ ಟಿಕೆಟ್‌ಗಾಗಿ ರೈಲ್ವೆ ವೆಬ್‌ಸೈಟ್ ಜೊತೆ ಗುದ್ದಾಡ್ತಾರೆ. ಕಷ್ಟ ಇದ್ದರೂ ಬಿಡಲ್ಲ. ಯಾಕೆ? ಕೊನೆಗೆ ಕೈಗೆ ಟಿಕೆಟ್ ಸಿಗುತ್ತೆ.

ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲೇ ಇದನ್ನ ಅಳೆದು ಹೇಳಿದ್ದರು. ಜನ ಒಂದು ತಂತ್ರಜ್ಞಾನವನ್ನ ಬಳಸೋಕೆ ಎರಡು ವಿಷಯ ನೋಡ್ತಾರೆ: ಇದರಿಂದ ನನಗೆ ಉಪಯೋಗ ಇದೆಯಾ, ಬಳಸೋದು ಸಲೀಸಾ? ಎರಡರಲ್ಲಿ ಉಪಯೋಗದ ತೂಕವೇ ಹೆಚ್ಚು ಅಂತ ಅವರ ಅಧ್ಯಯನದಲ್ಲಿ ಕಂಡುಬಂತು. ಅಂದರೆ ಬಣ್ಣ, ಚಿತ್ರ, ಓಡಾಡೋ ಅಕ್ಷರಗಳಿಂದ ಯಾವ ವಿದ್ಯಾರ್ಥಿಯೂ ಬರೋದಿಲ್ಲ.

2010ರಲ್ಲಿ ಎಕ್ಸ್‌ಕೆಸಿಡಿ ಅನ್ನೋ ಅಂತರ್ಜಾಲ ಕಾಮಿಕ್‌ನಲ್ಲಿ ರ‍್ಯಾಂಡಲ್ ಮನ್ರೋ ಎರಡು ವೃತ್ತ ಬರೆದರು. ಒಂದರಲ್ಲಿ ವಿಶ್ವವಿದ್ಯಾಲಯದ ಮುಖಪುಟದಲ್ಲಿ ಇರೋದು: ಕ್ಯಾಂಪಸ್ ಚಿತ್ರಗಳು, ಅಧ್ಯಕ್ಷರ ಪತ್ರ, ಪತ್ರಿಕಾ ಪ್ರಕಟಣೆ. ಇನ್ನೊಂದರಲ್ಲಿ ಜನ ಹುಡುಕಿ ಬರೋದು: ಅರ್ಜಿ ನಮೂನೆ, ಶೈಕ್ಷಣಿಕ ವೇಳಾಪಟ್ಟಿ, ಫೋನ್ ನಂಬರ್. ಎರಡೂ ಕೂಡುವ ಜಾಗದಲ್ಲಿ ಇದ್ದದ್ದು ಒಂದೇ, ಸಂಸ್ಥೆಯ ಪೂರ್ತಿ ಹೆಸರು! ಅದು ಅಮೆರಿಕದ ಕಥೆ. ನಮ್ಮಲ್ಲಿ ಅಧ್ಯಕ್ಷರ ಜಾಗಕ್ಕೆ ಕುಲಪತಿಗಳನ್ನ ಹಾಕಿಕೊಳ್ಳಿ, ಸಾಕು.

ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಯುಯುಸಿಎಂಎಸ್ ಎಂಬ ಒಂದೇ ಪೋರ್ಟಲ್ ಬಂತು. ಪ್ರವೇಶಕ್ಕೆ, ಪರೀಕ್ಷೆಗೆ ಅಲ್ಲಿಗೆ ಹೋಗಲೇಬೇಕು. ಲಾಗಿನ್ ಆದವರ ಲೆಕ್ಕ ತೋರಿಸಿ 'ನೋಡಿ, ಎಲ್ಲರೂ ಬಳಸ್ತಿದ್ದಾರೆ' ಅಂದರೆ ಹೇಗೆ? ಬೇರೆ ದಾರಿ ಇಲ್ಲದವರು ಬರೋದಕ್ಕೂ, ಬೇಕು ಅಂತ ಬರೋದಕ್ಕೂ ವ್ಯತ್ಯಾಸ ಇಲ್ವಾ?

ಅಸಲಿ ಅಪಾಯ ಇರೋದು ಇಲ್ಲಿ. ಪರೀಕ್ಷೆ ಹಿಂದಿನ ರಾತ್ರಿ ಸೀಲು, ಸಹಿ ಸಮೇತ ಒಂದು ನಕಲಿ ಸುತ್ತೋಲೆ ಹರಿದಾಡುತ್ತೆ: 'ನಾಳಿನ ಪರೀಕ್ಷೆ ಮುಂದೂಡಲಾಗಿದೆ'. ಅಸಲಿ ಸುತ್ತೋಲೆನೂ ಮೊದಲು ವಾಟ್ಸಾಪ್‌ನಲ್ಲೇ ಬಂದು, ಎರಡು ದಿನ ಆದ ಮೇಲೆ ವೆಬ್‌ಸೈಟ್ ಸೇರೋದಾದರೆ ಹುಡುಗ ಯಾವುದನ್ನ ನಂಬಬೇಕು? ನಂಬಿ ಊರಿನ ಬಸ್ ಹತ್ತಿದವನ ಪೇಪರ್ ಹೋಯ್ತು. ಬ್ಯಾಕ್‌ಲಾಗ್ ಅವನಿಗೆ, ಸ್ಪಷ್ಟೀಕರಣ ನಮ್ಮ ಚಾನೆಲ್‌ಗಳಿಗೆ.

ಸುತ್ತೋಲೆ ಮೊದಲು ವೆಬ್‌ಸೈಟ್‌ನಲ್ಲಿ ಬರಲಿ, ತಾರೀಖಿನ ಸಮೇತ. ಓರೆಯಾಗಿ ಸ್ಕ್ಯಾನ್ ಮಾಡಿದ ಹಾಳೆ ಬೇಡ; ಮೊಬೈಲ್‌ನಲ್ಲಿ ಓದೋಕೆ, ಹುಡುಕೋಕೆ ಬರೋ ಅಕ್ಷರ ಇರಲಿ, ಕನ್ನಡದಲ್ಲೂ ಇರಲಿ. ಅಧಿಕಾರಿಗಳ ಪಟ್ಟಿ ಹಾಕೋದು ಉಪಕಾರ ಏನಲ್ಲ ಸ್ವಾಮಿ. ಕೇಳದೇನೇ ಪ್ರಕಟಿಸಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೇ ಹೇಳುತ್ತೆ. ಆ ನಂಬರ್‌ಗೆ ಫೋನ್ ಮಾಡಿದರೆ ಯಾರಾದರೂ ಎತ್ತಬೇಕು, ಅಷ್ಟೇ.

ಮಾನ್ಯ ಕುಲಪತಿಗಳೇ, ಇವತ್ತು ರಾತ್ರಿ ಆಫೀಸ್ ವೈಫೈ ಬಿಟ್ಟು ನಿಮ್ಮದೇ ಮೊಬೈಲ್ ಡೇಟಾದಲ್ಲಿ ನಿಮ್ಮದೇ ವೆಬ್‌ಸೈಟ್ ತೆಗೀರಿ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕೋ ಕೊನೇ ದಿನ ಯಾವುದು, ಹುಡುಕಿ. ಪಿಎಗೆ ಫೋನ್ ಮಾಡೋ ಹಾಗಿಲ್ಲ.